ಉಳಿದಿರುವ ಒಂದು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 9.40, ರೈಲಿನಲ್ಲಿ

ಎರಡನೆಯ ಸಲ ಆಯಿತು. ರೈಲಿನ ಶೌಚಾಲಯ, ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಅಳತೆಯ ಲೋಟ. ಲೋಟದಿಂದ ಐದು ಲೀಟರಿನ ಕ್ಯಾನಿಗೆ. ನಾಳೆ ಬೆಳಿಗ್ಗೆ ಏಳರವರೆಗಿನ ಅಷ್ಟೂ ಮೂತ್ರ ಬೇಕಂತೆ ದೊಡ್ಡಾಸ್ಪತ್ರೆಯವರಿಗೆ. ಚೆಲ್ಲಿದರೆ ಮೊದಲಿಂದ ಶುರು. ಕ್ಯಾನನ್ನು ಬಟ್ಟೆಚೀಲದಲ್ಲಿ ಇಳಿಸಿ ಕಾಲಡಿ ಇಟ್ಟುಕೊಂಡಿದ್ದೇನೆ. ಎದುರು ಸೀಟಿನ ಅಜ್ಜಿ ಕಣ್ಣು ಅಲ್ಲೇ.

"ಊರಿಂದ ಎಣ್ಣೆ ತಗೊಂಡು ಹೋಗ್ತಿದೀಯೇನಮ್ಮ?"

"ಹೂಂ ಅಜ್ಜಿ."

"ಒಳ್ಳೇದಾ?"

"ಅದನ್ನೇ ನೋಡಿಸ್ಬೇಕು."

ಆರು ವರ್ಷದ ಮೇಲೆ ಆ ಊರಿಗೆ. ವರ್ಷವರ್ಷದ ಪರೀಕ್ಷೆ ನಮ್ಮಲ್ಲೇ ಮುಗಿಯುತ್ತಿತ್ತು. ಈ ಸಲ ಡಾಕ್ಟರು ಕಾಗದವನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು. ನಾನೇ ಮಾಡಿಕೊಟ್ಟ ಕನ್ನಡಕ, ಒರೆಸುವಂಥದ್ದೇನೂ ಇರಲಿಲ್ಲ. "ಆಪರೇಷನ್ ಆದ ಕಡೇನೇ ಒಂದ್ಸಲ ತೋರಿಸ್ಕೊಂಡು ಬಾಮ್ಮ" ಅಂದರು. ಹನ್ನೊಂದು ವರ್ಷದ ಹಿಂದೆ ಅಲ್ಲೇ ನನ್ನ ಎಡಗಡೆಯ ಕಿಡ್ನಿ ತೆಗೆದು ಅಣ್ಣನಿಗೆ ಹಾಕಿದ್ದು.

ಅಣ್ಣನಿಗೆ ತಿಳಿಸಿಲ್ಲ. ತಿಳಿಸುವುದೂ ಇಲ್ಲ. ಹತ್ತು ತಿಂಗಳಿಂದ ಫೋನು ಮಾಡಿದರೆ ಒಂದೇ ನಿಮಿಷ. "ಬ್ಯುಸಿ ಕಣೇ, ಆಮೇಲೆ ಮಾಡ್ತೀನಿ." ಬೇಸಿಗೆಯಲ್ಲಿ ಬರುತ್ತೇನೆ ಅಂದರೆ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ ಅಂದ. ಮಳೆಗಾಲದಲ್ಲಿ ಕೇಳಿದಾಗಲೂ ಬಣ್ಣ. ಎರಡು ರೂಮಿನ ಮನೆಗೆ! ಕೆಲಸ ಆಯಿತು, ಇನ್ನು ತಂಗಿ ಯಾಕೆ... ಇಷ್ಟು ಕೆಟ್ಟದಾಗಿ ಯೋಚಿಸಬಾರದು. ಯೋಚಿಸುತ್ತೇನೆ.

ಅದೇ ದಿನ, ಸಂಜೆ 5

ಲಾಡ್ಜ್. ಮೂರನೆಯ ಮಹಡಿ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುತ್ತದೆ. ಕ್ಯಾನು ಸ್ನಾನದ ಮನೆಯಲ್ಲಿ, ತಣ್ಣೀರಿನ ಬಕೆಟ್ಟಿನೊಳಗೆ.

ಹಳೆಯ ಬೀದಿಗೆ ಹೋಗಿದ್ದೆ. ಲೆನ್ಸ್ ಕತ್ತರಿಸುವುದು ಕಲಿತ ವರ್ಕ್‌ಶಾಪು ಈಗ ಕಾರು ನಿಲ್ಲಿಸುವ ಜಾಗ. ಇಪ್ಪತ್ತೆರಡನೆಯ ವಯಸ್ಸಿನಿಂದ ಮೂರು ವರ್ಷ ಅಲ್ಲೇ ಬಗ್ಗಿ ಕೂತಿದ್ದೆ. ಅಣ್ಣ ಶಾಲೆಯಲ್ಲಿ ಡ್ರಿಲ್ ಮಾಸ್ತರು, ಭಾನುವಾರ ಫುಟ್‌ಬಾಲ್ ರೆಫರಿ. ಸಂಜೆ ಬಂದು ಗೇಟಿನಲ್ಲಿ ಸೀಟಿ ಊದುತ್ತಿದ್ದ, ನಾನು ಬ್ಯಾಗು ಎಳೆದುಕೊಂಡು ಓಡಬೇಕು. "ಹೋಗಮ್ಮ, ಪೊಲೀಸ್ ಬಂದ್ರು" ಅನ್ನುತ್ತಿದ್ದರು ಯಜಮಾನರು. ಗೇಟು ಇದ್ದ ಕಡೆ ಸ್ವಲ್ಪ ಹೊತ್ತು ನಿಂತೆ. ಕಾವಲುಗಾರ ಯಾರು ಬೇಕು ಅಂತ ಕೇಳಿದ. ಯಾರೂ ಬೇಡ ಅಂದೆ.

ಕತ್ತು ಹಿಡಿದುಕೊಂಡಿದೆ. ಎರಡು ಮಾತ್ರೆ ನುಂಗಿದೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಅಕ್ಷರ ಹೇಗೆ ಬಂದರೂ ಸರಿ, ಬರೆದುಬಿಡುತ್ತೇನೆ.

ಬೆಳಿಗ್ಗೆ ಕ್ಯಾನು ಕೊಟ್ಟೆ, ರಕ್ತ ಕೊಟ್ಟೆ. ಡಾಕ್ಟರಮ್ಮ ಹೊಸಬರು. ನನ್ನ ಹಳೆಯ ಫೈಲು ಅವರಿಗಿಂತ ದಪ್ಪ. "ನೋವಿನ ಮಾತ್ರೆ ಏನಾದ್ರೂ ತಗೋತೀರಾ?" ಅಂದರು. "ಅಪರೂಪಕ್ಕೆ" ಅಂದೆ. ಬರೆದುಕೊಂಡರು. ರಿಪೋರ್ಟು ಶುಕ್ರವಾರ.

ಲಿಫ್ಟು ಕೆಟ್ಟಿತ್ತು. ಮೆಟ್ಟಿಲಿಳಿದು ಬಂದೆ. ಎರಡನೆಯ ಮಹಡಿಯಲ್ಲಿ ಬೆಂಚು. ಬೆಂಚಿನ ಮೇಲೆ ಅತ್ತಿಗೆ. ತೊಡೆಯ ಮೇಲೆ ಅಣ್ಣನ ಶೂ, ಮಗುವನ್ನು ಇಟ್ಟುಕೊಂಡ ಹಾಗೆ.

"ನೀನಿಲ್ಲಿ?" "ನೀವಿಲ್ಲಿ?" ಇಬ್ಬರೂ ಒಟ್ಟಿಗೇ ಕೇಳಿದೆವು.

"ವರ್ಷದ ಚೆಕಪ್ಪು" ಅಂದೆ. ಅವರು ಯಾಕೆ ಬಂದಿದ್ದು ಅಂತ ಕೇಳಬೇಕಾಗಿರಲಿಲ್ಲ. ಅವರ ಹಿಂದಿನ ಗಾಜಿನ ಬಾಗಿಲ ಮೇಲೆ ಬರೆದಿತ್ತು, ಡಯಾಲಿಸಿಸ್ ಘಟಕ.

"ಎಷ್ಟು ದಿನದಿಂದ?"

"ಹತ್ತು ತಿಂಗಳಾಯ್ತು. ಸೋಮವಾರ, ಬುಧವಾರ, ಶುಕ್ರವಾರ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮಣ್ಣ ಬೇಡ ಅಂದ್ರು. ತಂಗಿ ಕೊಟ್ಟಿದ್ದು ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ ಅಂತಾರೆ. ನಿನ್ನ ಫೋನ್ ಬಂದ್ರೆ ಬಾಲ್ಕನಿಗೆ ಹೋಗ್ತಾರೆ. ಒಂದು ನಿಮಿಷ ಮಾತಾಡಿ, ಆಮೇಲೆ ಅರ್ಧ ಗಂಟೆ ಅಲ್ಲೇ ನಿಂತಿರ್ತಾರೆ."

ಗಾಜಿಗೆ ಹಣೆ ಹಚ್ಚಿ ನೋಡಿದೆ. ಮೂರನೆಯ ಹಾಸಿಗೆ. ಕಂಬಳಿಯೊಳಗೆ ಯಾರೋ ಮುದುಕರು ಅಂದುಕೊಂಡೆ. ಆಮೇಲೆ ಕಿವಿ ಗುರುತು ಸಿಕ್ಕಿತು. ನಿದ್ದೆಯಲ್ಲಿದ್ದ. ಕೈಯಿಂದ ಎರಡು ನಳಿಗೆ, ಎರಡೂ ಕೆಂಪು.

ಅತ್ತಿಗೆ ಮೊಣಕೈ ಹಿಡಿದು ಎಳೆದರು. "ನಂದು ಹೊಂದುತ್ತಂತೆ ಕಣೇ. ಎಲ್ಲಾ ಟೆಸ್ಟೂ ಮುಗ್ದಿದೆ. ಇವರೇ ಒಪ್ತಿಲ್ಲ. ಒಬ್ಬಳದು ಹಾಳು ಮಾಡಿದ್ದು ಸಾಲ್ದಾ, ನಿನ್ನನ್ನೂ ಮಾಡ್ಲಾ ಅಂತಾರೆ. ನೀನೊಂದು ಮಾತು ಹೇಳೇ. ಹನ್ನೊಂದು ವರ್ಷದಿಂದ ಒಂದರಲ್ಲೇ ಗುಂಡುಕಲ್ಲಿನ ಹಾಗೆ ಇದೀಯ. ನಿನ್ನ ನೋಡಿದ್ರೆ ಒಪ್ತಾರೆ."

ಗುಂಡುಕಲ್ಲು. ಹೂಂ ಅಂದೆ. ನಾಳೆ ಮನೆಗೆ ಬರುತ್ತೇನೆ ಅಂದೆ.

ಸಂಜೆ 6.30

ಒಂದು ಸಣ್ಣ ಸಂತೋಷ ಇದೆ ಒಳಗೆ. ಬರೆಯಲೂ ನಾಚಿಕೆ. ಅಣ್ಣ ನನ್ನನ್ನು ಮರೆತಿರಲಿಲ್ಲ ಅನ್ನುವ ಸಂತೋಷ. ಅವನ ರಕ್ತ ಮಷೀನಿನಲ್ಲಿ ಸುತ್ತುತ್ತಿರುವಾಗ ನನಗೆ ಇದು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 3

ಹೋಗಬಾರದಿತ್ತು. ಇಲ್ಲ, ಹೋಗಬೇಕಿತ್ತು. ಬಾಯಿ ಒಂದು ಹಿಡಿತದಲ್ಲಿ ಇರಬೇಕಿತ್ತು.

ಬಾಗಿಲು ತೆಗೆದವನು ಅಣ್ಣನೇ. ಅತ್ತಿಗೆ ಬೇಕೆಂದೇ ಅಂಗಡಿಗೆ ಹೋಗಿದ್ದರು. "ಏನೇ ಕನ್ನಡಕ!" ಅಂದ. ಇಪ್ಪತ್ತೈದು ವರ್ಷದಿಂದ ನನಗೆ ಅದೇ ಹೆಸರು. ಅಷ್ಟು ಹೇಳುವುದಕ್ಕೇ ಏದುಸಿರು. ಗೋಡೆಯ ಬಣ್ಣ ನೋಡಿದೆ. ಅದೇ ಹಳೆಯದು, ಮೂಲೆಯಲ್ಲಿ ಚಕ್ಕೆ ಎದ್ದಿದೆ.

"ಚೆನ್ನಾಗಿ ಹೊಡ್ಸಿದೀಯ ಬಣ್ಣ" ಅಂದೆ.

ನಕ್ಕ. ನಾನೂ. ಆ ಹತ್ತು ನಿಮಿಷ ಚೆನ್ನಾಗಿತ್ತು.

ಅತ್ತಿಗೆಯ ಮಾತು ನಾನೇ ಎತ್ತಿದೆ. "ಹತ್ತು ವರ್ಷ ಬಂತಲ್ಲ ನಂದು, ಅದಕ್ಕೊಂದು ಆಯಸ್ಸು ಅಂತ ಇರುತ್ತೆ, ಮುಗೀತು. ನಿನ್ನ ತಪ್ಪೇನಿದೆ? ಇನ್ನೊಂದು ಸಿಗ್ತಿದ್ರೆ ಯಾಕೆ ಬೇಡ ಅಂತೀಯ?"

ಎರಡೂ ಕೈ ಮುಂದೆ ಚಾಚಿ ತೋರಿಸಿದ. ಅಲುಗಾಡದೆ ನಿಂತಿದ್ದವು.

"ನೋಡು, ನಡುಗ್ತಿಲ್ಲ. ಆ ಮಾತ್ರೆ ತಗೊಂಡ್ರೆ ನಡುಗೋದು. ಕಿಡ್ನಿ ಉಳಿಸೋ ಮಾತ್ರೆ. ಟಾಸ್ ಹಾಕಕ್ಕೆ ನಾಣ್ಯ ಹಿಡಿದ್ರೆ ಬಿದ್ಹೋಗೋದು. ಮೈದಾನದ ತುಂಬಾ ಜನ. ಕುಡ್ದು ಬಂದಿದಾನೆ ಅಂದ ಒಬ್ಬ, ಎಲ್ಲಾ ನಕ್ರು. ಅವತ್ತು ಸಂಜೆ ಮಾತ್ರೆ ಬಿಟ್ಟೆ. ವಾರದಲ್ಲಿ ಕೈ ನಡುಗೋದು ನಿಂತ್ಹೋಯ್ತು. ಚೆನ್ನಾಗೇ ಇದೀನಲ್ಲ ಅನ್ನಿಸ್ತು."

"ಎಷ್ಟು ದಿನ ಬಿಟ್ಟೆ?"

"ಒಂದೂವರೆ ವರ್ಷ. ಬೆಳಿಗ್ಗೇದು ತಗೋತಿದ್ದೆ. ಸಂಜೇದು ಇಲ್ಲ. ನಿಮ್ಮತ್ತಿಗೆಗೂ ಗೊತ್ತಿಲ್ಲ ಇದು."

ಆಮೇಲೆ ನಾನು ಅಂದದ್ದನ್ನು ಬರೆಯಲೇಬೇಕು. ಮರೆತೆ ಅಂತ ನಾಳೆ ನನಗೆ ನಾನೇ ಸುಳ್ಳು ಹೇಳಬಾರದು.

"ಯಾರಾದ್ರೂ ದಾರೀಲಿ ಹೋಗೋರಿಗೆ ಕೊಟ್ಟಿದ್ರೆ ಜೋಪಾನ ಮಾಡ್ತಿದ್ರು ಕಣೋ. ನಾಲ್ಕು ಜನ ನಕ್ಕಿದ್ದಕ್ಕೆ ನನ್ನ ಹೊಟ್ಟೆ ಕೊಯ್ಸಿದ್ದನ್ನ ತೊಟ್ಟಿಗೆ ಹಾಕ್ದೆ."

ಅವನು ಹೌದು ಎನ್ನುವ ಹಾಗೆ ತಲೆಯಾಡಿಸಿದ. ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಬಾಗಿಲು ಬಡಿದು ಬಂದೆ. ಮೆಟ್ಟಿಲಲ್ಲಿ ಅತ್ತಿಗೆ ಎದುರಾದರು, ಮುಖ ಕೊಡದೆ ಇಳಿದೆ.

ನಾಳೆ ರಿಪೋರ್ಟು. ಮಧ್ಯಾಹ್ನ ಎರಡರ ರೈಲು. ಸಾಕು ಈ ಊರು.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 11.15, ಆಸ್ಪತ್ರೆ

ರಕ್ತದಲ್ಲಿ ಕ್ರಿಯೇಟಿನಿನ್ 1.7, ಕಿಡ್ನಿ ಸೋತಷ್ಟೂ ಏರುವ ಅಂಕಿ. ಹೋದ ವರ್ಷ 1.1. ಮೂತ್ರದಲ್ಲಿ ಪ್ರೋಟೀನು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು. "ಅಪರೂಪಕ್ಕೆ ಅಂದ್ರಿ. ನಿಜ ಹೇಳಿ, ದಿನಕ್ಕೆಷ್ಟು?"

"ಎರಡು."

"ಎಷ್ಟು ವರ್ಷದಿಂದ?"

"ನಾಲ್ಕು."

"ತಗೋಬಾರ್ದು ಅಂತ ಆಪರೇಷನ್ ಆದಾಗ ಯಾರೂ ಹೇಳ್ಲಿಲ್ವಾ?"

"ಹೇಳಿದ್ರು. ಚೀಟಿ ಕೊಟ್ಟಿದ್ರು." ದಪ್ಪ ಅಕ್ಷರದ ಚೀಟಿ. ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇನೆ. ಮಾತ್ರೆಯ ಡಬ್ಬಿಯೂ ಅದೇ ಕಪಾಟಿನಲ್ಲಿ. ಕತ್ತು ನೋವಿದ್ದರೆ ಲೆನ್ಸು ಓರೆಯಾಗುತ್ತದೆ, ಗಿರಾಕಿ ವಾಪಸ್ಸು ತರುತ್ತಾರೆ, ಅಂಗಡಿಯ ಯಜಮಾನರು ಮುಖ ಸಣ್ಣ ಮಾಡುತ್ತಾರೆ. ಇಷ್ಟೇ ಕಾರಣ. ನಾಣ್ಯ ಬಿದ್ದದ್ದಕ್ಕಿಂತ ದೊಡ್ಡದೇನಲ್ಲ.

"ಎರಡಿದ್ದಿದ್ರೆ ತಡ್ಕೋತಿತ್ತೇನೋ. ಒಂದೇ ಅಲ್ವಾ" ಅಂದರು. ಇವತ್ತಿಂದಲೇ ನಿಲ್ಲಿಸಬೇಕು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಇಲ್ಲಿಗೇ ನಿಲ್ಲಬಹುದು. ನಿಲ್ಲದೆಯೂ ಇರಬಹುದು. ಈಗಲೇ ಹೇಳಲಾಗದು.

ಕೆಳಗಿನ ಮಹಡಿಯಲ್ಲಿ ಅವನಿದ್ದಾನೆ. ಇವತ್ತು ಶುಕ್ರವಾರ.

ಸಂಜೆ 5, ಲಾಡ್ಜ್

ರೈಲು ಹೋಯಿತು. ಹೋಗಲಿ.

ಕ್ಷಮೆ ಕೇಳೋಣ ಅಂತಲೇ ಹೋದೆ. ರಿಪೋರ್ಟು ತೋರಿಸೋಣ, ನಾನೂ ನಿನ್ನಂಥವಳೇ ಕಣೋ ಅನ್ನೋಣ ಅಂತ. ನರ್ಸಮ್ಮ ಹತ್ತು ನಿಮಿಷ ಅಂತ ಒಳಗೆ ಬಿಟ್ಟರು. ಸ್ಟೂಲು ಎಳೆದು ಕೂತೆ.

"ನಿನ್ನೆ ಅಂದಿದ್ದು ತಪ್ಪಾಯ್ತು ಅಣ್ಣ."

"ಸರಿಯಾಗೇ ಅಂದೆ ಬಿಡು. ಎಷ್ಟು ದಿನದಿಂದ ಯಾರಾದ್ರೂ ಬೈಯ್ಲಿ ಅಂತ ಕಾಯ್ತಿದ್ದೆ." ನಗುತ್ತಿದ್ದ. "ಬಾಲ್ಕನಿಯಿಂದ ನೋಡ್ದೆ ನಿನ್ನ. ರಸ್ತೇಲಿ ಸಿಟ್ಟಲ್ಲಿ ಏನು ನಡಿಗೆ ಮಾರಾಯ್ತಿ! ಆಟೋದವನು ಹಾರ್ನ್ ಮಾಡಿದ್ರೆ ಅವನನ್ನೂ ಬೈದೆ. ನಲವತ್ತೇಳು ವರ್ಷ, ಒಂದೇ ಕಿಡ್ನಿ. ನೋಡ್ತಾ ನೋಡ್ತಾ ಅನ್ನಿಸ್ತು, ಇವಳಿಗೇನೂ ಆಗಿಲ್ಲ. ನನ್ನಿಂದ ಇವಳಿಗೆ ಕೇಡಾಗಿಲ್ಲ. ಹಾಗಿದ್ರೆ ನಿಮ್ಮತ್ತಿಗೆಗೂ ಏನೂ ಆಗಲ್ಲ."

ನಾನು ಬ್ಯಾಗಿನ ಜಿಪ್ಪು ಹಿಡಿದುಕೊಂಡಿದ್ದೆ.

"ಒಪ್ಕೊಂಡೆ ಕಣೇ. ಸೋಮವಾರ ಅರ್ಜಿ ಕೊಡ್ತೀವಿ. ಈ ಸಲ ಕೈ ಏನು, ಮೈಯೆಲ್ಲಾ ನಡುಗ್ಲಿ, ಒಂದು ಮಾತ್ರೆ ಬಿಡಲ್ಲ."

ಆ ಹೊತ್ತಿಗೆ ಹೇಳಬೇಕಿತ್ತು. ಜಿಪ್ಪು ತೆಗೆಯಲೇ ಇಲ್ಲ. ಹತ್ತು ತಿಂಗಳಲ್ಲಿ ಅವನ ಮುಖದಲ್ಲಿ ಈ ಬೆಳಕು ಬಂದದ್ದು ಮೊದಲ ಸಲ ಅಂತ ಹೊರಗೆ ಅತ್ತಿಗೆ ಹೇಳಿದರು. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. "ನೀನು ದೇವರು ಬಂದ ಹಾಗೆ ಬಂದೆ" ಅಂದರು. ಲಾಡ್ಜು ಬಿಟ್ಟು ಮನೆಗೇ ಬಾ, ಭಾನುವಾರ ಸಂಜೆ ಹೋದರಾಯಿತು ಅಂದರು.

ಬ್ಯಾಗು ಎಷ್ಟು ಭಾರ, ಒಂದೇ ಒಂದು ಹಾಳೆಗೆ.

ಮಾರ್ಚ್ 8, ಶನಿವಾರ. ಅಣ್ಣನ ಮನೆ

ಮಾತ್ರೆ ಇಲ್ಲದ ಎರಡನೆಯ ದಿನ. ಕತ್ತು ತಿರುಗಿಸಲಾಗುತ್ತಿಲ್ಲ. ಯಾಕೆ ಹಾಗೆ ಕೂತಿದ್ದೀಯ ಅಂದ ಅಣ್ಣ. ರೈಲಿನಲ್ಲಿ ಗಾಳಿ ಹೊಡೆಯಿತು ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ. ನಮ್ಮ ಮನೆತನದ್ದೇ ಇರಬೇಕು.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 10

ಅಣ್ಣ ಮ್ಯಾಚು ನೋಡಲು ಹೋಗಿದ್ದಾನೆ. ಹಳೆಯ ಸಹೋದ್ಯೋಗಿಯೊಬ್ಬರು ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋದರು. ಬರೀ ಕೂತು ನೋಡುತ್ತೇನೆ ಅಂತ ಮಾತು ಕೊಟ್ಟು ಹೋದ.

ಊಟದ ಮೇಜಿನ ಮೇಲೆ ನಾಳೆಯ ಅರ್ಜಿ. ಒಂದೊಂದು ಹಾಳೆಯ ಕೆಳಗೂ ಅತ್ತಿಗೆಯ ಸಹಿಗೆ ಜಾಗ. ಅತ್ತಿಗೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ತಾರಸಿಗೆ ಹೊರಟವರು ಬಾಗಿಲಲ್ಲಿ ನಿಂತರು.

"ಒಂದು ಕೇಳ್ತೀನಿ, ನಗಬೇಡ. ನಿಂಗೆ ನಿಜವಾಗ್ಲೂ ಏನೂ ಆಗಿಲ್ವಾ? ಕೊಟ್ಟಿದ್ರಿಂದ? ಸುಸ್ತು, ಗಿಸ್ತು... ನಂಗೆ ಭಯ ಆಗ್ತಿದೆ ಕಣೇ. ಅವರ ಮುಂದೆ ಬಾಯ್ಬಿಟ್ರೆ ಮತ್ತೆ ಬೇಡ ಅಂತಾರೆ."

"ಬಟ್ಟೆ ಹಾಕಿ ಬನ್ನಿ ಅತ್ತಿಗೆ. ಹೇಳ್ತೀನಿ."

ಹೇಳ್ತೀನಿ ಅಂದುಬಿಟ್ಟೆ.

ಹೇಳಿದರೆ ಅಣ್ಣನ ಕಿವಿಗೆ ಬಿದ್ದೇ ಬೀಳುತ್ತದೆ. ಬಿದ್ದರೆ ಅರ್ಜಿ ಹರಿಯುತ್ತಾನೆ, ಅವನ ಸ್ವಭಾವ ಗೊತ್ತು. ಮತ್ತೆ ಸೋಮ, ಬುಧ, ಶುಕ್ರ. ಎಷ್ಟು ವರ್ಷ? ಹೇಳದಿದ್ದರೆ ಎಲ್ಲ ಸಲೀಸು. ತಪ್ಪು ನನ್ನ ಮಾತ್ರೆಯದು, ಅತ್ತಿಗೆ ನನ್ನ ಹಾಗೆ ಮೂರ್ಖರಲ್ಲ, ಅವರಿಗೆ ಹೀಗಾಗುವುದಿಲ್ಲ. ಎರಡು ದಿನದಿಂದ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ಎರಡಿದ್ದಿದ್ದರೆ ತಡೆದುಕೊಳ್ಳುತ್ತಿತ್ತು ಅನ್ನುವುದೂ ನಿಜ. ಒಂದೇ ಇದ್ದವರು ಒಂದು ತಪ್ಪನ್ನೂ ಮಾಡುವ ಹಾಗಿಲ್ಲ. ಐವತ್ತು ದಾಟಿದ ಹೆಂಗಸಿಗೆ ಅದನ್ನು ಯಾರಾದರೂ ಹೇಳಬೇಕು. ಚೀಟಿ ಹೇಳುವುದಿಲ್ಲ. ಚೀಟಿ ನನಗೂ ಕೊಟ್ಟಿದ್ದರು.

ಹನ್ನೊಂದು ವರ್ಷದ ಹಿಂದೆ ಆಗಿನ ಡಾಕ್ಟರು ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದ್ದರು. ಕೆಟ್ಟದ್ದೆಲ್ಲ ಹೇಳಿದರು. ಬೇಡ ಅಂದರೆ ಯಾರಿಗೂ ತಿಳಿಸುವುದಿಲ್ಲ, ಹೊಂದಲಿಲ್ಲ ಅಂತಷ್ಟೇ ಹೇಳುತ್ತೇವೆ ಅಂದರು. ಎಲ್ಲ ಕೇಳಿಸಿಕೊಂಡು ಕೊಡ್ತೀನಿ ಅಂದೆ. ಅದಕ್ಕೇ ಇರಬೇಕು, ಮೊನ್ನೆ ಅಷ್ಟು ಬೈದರೂ, ಕೊಟ್ಟದ್ದಕ್ಕೆ ಇವತ್ತಿಗೂ ಬೇಜಾರಿಲ್ಲ.

ಅತ್ತಿಗೆಯೂ ಹಾಗೇ ಕೊಡಲಿ. ಕೊಡುವುದಾದರೆ. ಕೊಡದಿದ್ದರೆ ಅಣ್ಣನಿಗೆ ನಾನು ಮುಖ ತೋರಿಸಲಾರೆ, ಅದೂ ಗೊತ್ತು.

ರಿಪೋರ್ಟು ಬ್ಯಾಗಿನಿಂದ ತೆಗೆದೆ. ಮಡಿಕೆ ಬಿಡಿಸಿ ಅರ್ಜಿಯ ಪಕ್ಕ ಇಟ್ಟೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಖಾಲಿ ಬಕೆಟ್ಟು ಗೋಡೆಗೆ ತಾಗುತ್ತಿದೆ. ಮೊದಲು ಮಾತ್ರೆಯ ವಿಷಯ, ಆಮೇಲೆ ಅಂಕಿ. ಇಲ್ಲ, ಮೊದಲು ಅವರನ್ನು ಕೂರಿಸಿ, ಕೈ ಹಿಡಿದುಕೊಂಡು, ಅತ್ತಿಗೆ, ನಂಗೆ