ಗುರುಸಿದ್ದವ್ವ ಬಿಚ್ಚಿದ ಕುಲಾವಿ

ಬಾಗಲಕೋಟೆ, 14 ಡಿಸೆಂಬರ್, ರವಿವಾರ

ಒಬ್ಬ ಹೆಣ್ಣುಮಗಳನ್ನು ಇವತ್ತು ಎರಡು ಸಲ ನಾಚಿಸಿದೆ.

ಉಣ್ಣೆ ಹೆಣಿಗೆಯ ಶಿಬಿರದಲ್ಲಿ ಹೊಸಬರು, ಬಲ್ಲವರು ಎಲ್ಲ ಒಂದೇ ಜಮಖಾನೆಯ ಮೇಲೆ. ನನ್ನ ಕಡ್ಡಿಯಿಂದ ಎಳೆ ಜಾರುತ್ತಲೇ ಇತ್ತು. ಅದನ್ನು ಮುಚ್ಚಿಕೊಳ್ಳಲು ಪಕ್ಕದ ಗುರುಸಿದ್ದವ್ವನ ಕುಲಾವಿ ಎತ್ತಿ ಹಿಡಿದು, ನಾಟಕದ ದನಿಯಲ್ಲಿ, “ನೋಡ್ರೆಪಾ, ರಾಕ್ಷಸನ ಕೂಸಿಗೆ ಕಿರೀಟ” ಎಂದೆ. ಎಲ್ಲರೂ ನಕ್ಕರು. ಮೊಮ್ಮಗಳಿಗೆಂದು ಹೆಣೆದದ್ದನ್ನು ಆಕೆ ಬಿಚ್ಚಿ ಉಂಡೆ ಸುತ್ತಿದಳು.

ಕಲಿಸುವ ದಾನೇಶ್ವರಿ ಓಡಿ ಬಂದಳು. “ಯಾಕ ಬಿಚ್ಚಿದ್ರಿ ಯಕ್ಕಾ? ಇಳಕಲ್ ಸೀರಿಗೆ ಸೆರಗ ಕೂಡಸಾಕ ನೇಕಾರರು ಎಳಿಗೆ ಎಳಿ ಸಿಗಸ್ತಾರಲ್ಲ, ಆ ಕೊಂಡಿನ ಉಣ್ಣ್ಯಾಗ ಹಾಕಿದ್ರಿ. ಎಲ್ಲಾರಿಗೂ ತೋರಸೋಣಂತಿದ್ದೆ.”

ನಾನು ಎದ್ದು ಕೈಮುಗಿದು “ತಪ್ಪಾತು ತಾಯಿ” ಎಂದೆ. ಇಡೀ ಹಾಲ್ ಆಕೆಯತ್ತ ತಿರುಗಿತು.

“ಮೆಲ್ಲಕ ಅನ್ರಿ ಮಾಸ್ತರ,” ಎಂದು ಸೆರಗು ಮುಖಕ್ಕೆ ಎಳೆದುಕೊಂಡಳು.

ನಲವತ್ತು ವರ್ಷ ರಂಗದ ಮೇಲಿಂದ ಕೊನೆಯ ಸಾಲಿಗೆ ಮಾತು ಮುಟ್ಟಿಸಿದ ಗಂಟಲು ಇದು. ಮೊಳ ದೂರದಲ್ಲಿ ಕೂತವಳಿಗಷ್ಟೇ ಕೇಳುವಂತೆ ಒಂದು ಮಾತು ಆಡಲು ಬರಲಿಲ್ಲ.