ನೀವು ಕೆಡಿಸಿದ ಕೊನೆಯ ಆಟ

ಅಪ್ಪನಿಗೆ,

ತೀರ್ಥರೂಪ ಎಂದು ಬರೆಯಲು ಕೈ ಏಳಲಿಲ್ಲ. ಭಾನುವಾರ ಬರುತ್ತೇನೆಂದು ಹೇಳಿ ಕಳಿಸಿದ್ದೀರಿ. ಬರಬೇಡಿ. ಅಮ್ಮನಿಗೂ ಇಷ್ಟವಿಲ್ಲ.

ನೀವು ಮಾಡಿದ ಕಂಪ್ಯೂಟರ್ ಆಟವನ್ನು, ಆ ಹೆಸರುವಾಸಿ ಸರಣಿಯ ಕೊನೆಯ ಭಾಗವನ್ನು, ಮತ್ತೆ ಆಡುತ್ತಿದ್ದೇನೆ. ಪ್ರೀತಿಯಿಂದಲ್ಲ. "ಇದೊಂದು ಮುಗೀಲಿ ಪುಟ್ಟಿ, ಆಮೇಲೆ ಮನೇಲೇ ಇರ್ತೀನಿ" ಎಂದು ಆಫೀಸಿನಲ್ಲೇ ಮಲಗಿದಿರಿ, ಮುಗಿದ ಮೇಲೂ ಬರಲಿಲ್ಲ. ಅಲ್ಲಿ ಏನು ಕಡಿದು ಕಟ್ಟೆ ಹಾಕಿದಿರೆಂದು ನೋಡಬೇಕಿತ್ತು.

ಆಟದ ತುಂಬಾ ತಪ್ಪುಗಳೇ. ಸೇತುವೆ ದಾಟುವಾಗ ಕುದುರೆ ನೆಲದೊಳಗೆ ಹೂತುಹೋಗುತ್ತದೆ. ಸತ್ತ ರಾಜ ಎದ್ದು ಬಂದು ಹೇಳಿದ್ದನ್ನೇ ಹೇಳುತ್ತಾನೆ. ಹಿಂದಿನ ಭಾಗಗಳನ್ನು ನಿಮ್ಮ ತೊಡೆಯ ಮೇಲೆ ಕೂತು ಆಡಿದವಳು ನಾನು. ಹೊಟ್ಟೆ ಉರಿಯುತ್ತದೆ. ನಮ್ಮನ್ನು ಬಿಟ್ಟಿದ್ದಕ್ಕೆ ಆಟವಾದರೂ ನೆಟ್ಟಗಿರಬೇಕಿತ್ತು.

ಕೊನೆಯ ಕೋಟೆಯ ಬಾಗಿಲು, ಕೀಲಿ ನನ್ನ ಕೈಯಲ್ಲಿದ್ದರೂ ತೆರೆಯುತ್ತಿಲ್ಲ. ಕೆಡಿಸಿದವರು ನೀವು, ಒಳಗೆ ಹೋಗುವ ದಾರಿ ನಿಮಗೆ ಗೊತ್ತಿರಬೇಕು. ಫೋನ್ ಮಾಡಬೇಡಿ, ಅಮ್ಮ ಎತ್ತುತ್ತಾಳೆ. ನನ್ನ ಆಫೀಸಿನ ವಿಳಾಸಕ್ಕೆ ಬರೆಯಿರಿ. ವಿವರವಾಗಿ ಬರೆಯಿರಿ. ಚುಟುಕಾಗಿ ಬರೆದರೆ ನನಗೆ ಅರ್ಥವಾಗುವುದಿಲ್ಲ.

ಇಂತಿ,
ಮಗಳು