ಮಂಗಳವಾರದ ಮಾತು, ಭಾನುವಾರದ ಪ್ರಸಂಗ

ಹೋರೆಬ್ ಚಾಪೆಲ್ ಮನೆ,
ಬ್ರಿನ್‌ಗ್ಲಾಸ್
9 ಮೇ 1954

ನನ್ನ ಮುದ್ದಿನ ಈನಿಡ್ ಅಕ್ಕ,

ಬೈಯಬೇಡ, ಬೈಯಬೇಡ! ಮದುವೆಯಾಗಿ ತಿಂಗಳು ದಾಟಿದರೂ ಒಂದು ಸಾಲು ಬರೆದಿಲ್ಲವೆಂದು ಅಪ್ಪನ ಮುಂದೆ ಮುಖ ಊದಿಸಿಕೊಂಡಿದ್ದೀಯಂತೆ. ನಿಜ ಹೇಳಲಾ? ಸುಖವಾಗಿರುವವರಿಗೆ ಕಾಗದ ಬರೆಯಲು ಪುರುಸೊತ್ತು ಸಿಗುವುದಿಲ್ಲ. ಕಾರ್ಡಿಫ್‌ನಲ್ಲಿ ನೀನು, ಭಾವ, ಪುಟ್ಟ ಡೆಲಿತ್ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅವಳಿಗೆ ಹಲ್ಲು ಬಂತೇ?

ಇಲ್ಲಿ ಎಲ್ಲವೂ ಸ್ಲೇಟುಕಲ್ಲು ಅಕ್ಕ. ಮನೆಯ ಮಾಡು ಅದೇ, ಹೊಲದ ಬೇಲಿ ಅದೇ, ಗೋರಿಯೂ ಅದೇ. ಮಳೆ ಬಂದರೆ ಇಡೀ ಊರು ಒದ್ದೆಯಾದ ಕಾಗೆಯಂತೆ ಕೂತಿರುತ್ತದೆ. ನನಗೇನು, ನನ್ನ ಪಾದ್ರಿ ಎಮ್ರಿಸ್ ಇದ್ದಾರೆ! ಭಾನುವಾರ ಅವರು ಚಾಪೆಲ್‌ನ ಪ್ರಸಂಗಪೀಠ ಹತ್ತಿ, ದೇವರ ವಾಕ್ಯ ಬೋಧಿಸುತ್ತಾ ದನಿ ಏರಿಸಿದರೆ ಕಲ್ಲುಗಣಿಯ ಗಂಡಸರು, ಕೈಯಲ್ಲಿ ಬೆರಳು ಸರಿಯಾಗಿ ಉಳಿಯದವರು ಕೂಡ, ಟೋಪಿ ಹಿಚುಕುತ್ತಾ ಅಳುತ್ತಾರೆ. ನನಗೆ ಅರ್ಧವೂ ಅರ್ಥವಾಗುವುದಿಲ್ಲ. ನಾವು ಓದಿದ್ದೆಲ್ಲ ಇಂಗ್ಲಿಷ್ ಶಾಲೆ, ವೆಲ್ಷ್ ಎಂದರೆ ಅಜ್ಜಿ ಬೈಯುವ ಭಾಷೆ ಅಂದುಕೊಂಡು ಬೆಳೆದವರಲ್ಲವೇ! ಆದರೂ ನಾನು ಅಳುತ್ತೇನೆ. ಗಂಡನ ದನಿಗೆ ಅಳಲು ಭಾಷೆ ಯಾಕೆ ಬೇಕು?

ಒಂದು ವಿಚಿತ್ರ ಹೇಳುತ್ತೇನೆ ಕೇಳು. ಗಂಡಸರು ಅಳುವಾಗ ಹೆಂಗಸರು ಅಳುವುದಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು ತುಟಿಯ ಕೊನೆಯಲ್ಲಿ ನಗುತ್ತಾರೆ. ಪಕ್ಕದ ಮನೆಯ ನೆಸ್ಟಾ ಅಂತೂ, ದಪ್ಪಗೆ ಇದ್ದಾಳೆ, ಬಾಯಿ ಕತ್ತರಿ, ಒಮ್ಮೆ ಎಮ್ರಿಸ್ ತಾಯಿ ಲೈಸಾ ಅತ್ತೆಯನ್ನು ಮೊಣಕೈಯಿಂದ ತಿವಿದಳು! ಹಳ್ಳಿ ಹೆಂಗಸರಿಗೆ ಪ್ರಸಂಗದ ರುಚಿ ಗೊತ್ತಿಲ್ಲವೇನೋ ಎಂದು ಸುಮ್ಮನಾದೆ.

ಅತ್ತೆಯ ವಿಷಯ ಕೇಳಿದ್ದೆಯಲ್ಲ. ಹಿಡಿಯಷ್ಟು ದೇಹ. ತೀರಿಕೊಂಡ ಮಾವನ ಗಣಿಟೋಪಿ ಹಾಕಿಕೊಂಡೇ ಒಲೆ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಬೆಂಕಿ ಕೆದಕುತ್ತಾ ದೇವರ ಜೊತೆ ಮಾತು ಶುರು. ಗಟ್ಟಿಯಾಗಿ, ಜಗಲಿಯಲ್ಲಿ ಕೂತವರೊಡನೆ ಆಡುವ ಹಾಗೆ. ಶನಿವಾರವಂತೂ ಎಮ್ರಿಸ್ ಚಹಾ ಲೋಟ ಹಿಡಿದು ಮಹಡಿ ಮೆಟ್ಟಿಲ ಮೇಲೆ ಕೂತು ಕೇಳುತ್ತಾರೆ. ಬೆನ್ನ ಹಿಂದೆ ಕೂತ ಇವರು ಅತ್ತೆಗೆ ಕಾಣುವುದಿಲ್ಲ, ಇವರಿಗೆ ಅತ್ತೆಯ ಮುಖ ಕಾಣುವುದಿಲ್ಲ. ಎಂಥ ತಾಯಿ, ಎಂಥ ಮಗ! ನನ್ನ ಕಣ್ಣು ತುಂಬಿ ಬಂತು.

ಪೆನಾರ್ತ್ ಕಡಲಕಟ್ಟೆಯ ಮೇಲೆ ಎಮ್ರಿಸ್ ನನ್ನನ್ನು ಮದುವೆಗೆ ಕೇಳಿದಾಗ ಆಡಿದ ಆ ಮಾತು, ನಿನ್ನ ಕಿವಿ ತೂತಾಗುವಷ್ಟು ಸಲ ಹೇಳಿದ್ದೆನಲ್ಲ, ಅದನ್ನು ಅತ್ತೆಗೂ ಹೇಳಿಬಿಟ್ಟೆ. ನನ್ನ ಮುರುಕು ವೆಲ್ಷ್‌ನಲ್ಲಿ. ಅವರು ಕೆದಕುಗೋಲು ಕೆಳಗಿಟ್ಟರು. "ಒಳ್ಳೇ ಮಾತು," ಎಂದರು. ಖಾಲಿ ಬಕೆಟ್ ಹಿಡಿದುಕೊಂಡು ಅಂಗಳಕ್ಕೆ ಹೋದರು. ಮಗನ ಪ್ರೇಮದ ಮಾತು ಕೇಳಿ ನಾಚಿಕೆಯಾಯಿತೇನೋ ಪಾಪ!

ಡೆಲಿತ್‌ಗೆ ಸಾವಿರ ಮುತ್ತು.

ನಿನ್ನ ಹುಚ್ಚು ತಂಗಿ,
ಗ್ಲೆನಿಸ್


ಬ್ರಿನ್‌ಗ್ಲಾಸ್
3 ಅಕ್ಟೋಬರ್ 1954

ಪ್ರೀತಿಯ ಅಕ್ಕ,

ಮತ್ತೆ ತಡ, ಮತ್ತೆ ಕ್ಷಮೆ. ಈ ಸಲ ಸುಖದ ನೆಪ ಹೇಳುವುದಿಲ್ಲ. ಏನು ಬರೆಯಬೇಕೆಂದು ಗೊತ್ತಾಗದೆ ಬರೆಯಲಿಲ್ಲ.

ಮೊದಲು ಸುದ್ದಿ. ಲಿವರ್‌ಪೂಲಿನಲ್ಲಿ ನಮ್ಮ ವೆಲ್ಷ್ ಜನರದೊಂದು ದೊಡ್ಡ ಚಾಪೆಲ್ ಇದೆ, ಎತ್ತರದ ಗೋಪುರದ್ದು. ಅಲ್ಲಿಗೆ ಪಾದ್ರಿ ಬೇಕಂತೆ. ಅವರ ಕಡೆಯವರು ಆಗಸ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎಮ್ರಿಸ್ ಪ್ರಸಂಗ ಕೇಳಿಕೊಂಡು ಹೋದರು. ಟ್ರಾಮು, ಅಂಗಡಿ, ಮನೆಯೊಳಗೇ ನಲ್ಲಿ! ಊಹಿಸಿಕೊಂಡರೇ ಕುಣಿಯುವ ಹಾಗಾಗುತ್ತದೆ.

ಇನ್ನೊಂದು ಸುದ್ದಿ, ನನಗೆ ಈಗ ವೆಲ್ಷ್ ಬರುತ್ತದೆ. ನೆಸ್ಟಾ ಕಲಿಸಿದಳು. ಕಲಿತದ್ದೇ ತಪ್ಪಾಯಿತೇನೋ.

ಚಾಪೆಲ್‌ನ ಹಿಂದೊಂದು ಕೋಣೆ ಇದೆ. ಮಂಗಳವಾರ ಮಧ್ಯಾಹ್ನ ಹೆಂಗಸರು ಅಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಾರೆ. ಗಂಡಸರು ಆ ಕಡೆ ಸುಳಿಯುವುದಿಲ್ಲ. ದೊಡ್ಡ ಚಾಪೆಲ್‌ನಲ್ಲಿ ಪೀಠದ ಕೆಳಗೆ ಸಭೆಯ ಹಿರಿಯರಿಗೆಂದೇ ಒಂದು ಆಸನವಿದೆ. ಅಲ್ಲಿ ಹೆಂಗಸು ನೆಲ ಒರೆಸಬಹುದು, ಕೂರುವಂತಿಲ್ಲ, ನಿಂತು ಬಾಯಿ ಬಿಡುವಂತೆಯೂ ಇಲ್ಲ. ಹಿಂದಿನ ಕೋಣೆಯಲ್ಲಿ ಮಾತ್ರ ಬಾಯಿಗೆ ಬೀಗವಿಲ್ಲ. ನೆಸ್ಟಾ ದೇವರನ್ನು ಅಂಗಡಿಯವನಂತೆ ದಬಾಯಿಸುತ್ತಾಳೆ: "ಕರ್ತನೇ, ಹೋದ ವಾರ ಕೇಳಿದ್ದು ಇನ್ನೂ ಬಂದಿಲ್ಲ, ಮರೆತಿದ್ರೆ ನೆನಪು ಮಾಡ್ತಾ ಇದೀನಿ."

ಒಂದು ಮಂಗಳವಾರ ಅವಳದಾದ ಮೇಲೆ ಲೈಸಾ ಅತ್ತೆ ಎದ್ದರು. ಕುರ್ಚಿಯ ಬೆನ್ನು ಹಿಡಿದುಕೊಂಡರು, ಕಣ್ಣು ಮುಚ್ಚಲಿಲ್ಲ.

"ಕರ್ತನೇ, ಒಲೆಯೊಳಗಿಟ್ಟ ರೊಟ್ಟಿನ ಮತ್ತೆ ಮತ್ತೆ ತೆಗೆದು ನೋಡೋ ಎಳೇ ಹುಡುಗಿ ಥರ ನಿನ್ನ ಕೆಲಸನ ಇಣುಕಿ ಇಣುಕಿ ನೋಡ್ತೀವಿ. ಅದಕ್ಕೇ ಅದು ಉಬ್ಬಲ್ಲ. ಒಲೆ ಬಾಗಿಲು ಮುಚ್ಚಿಡೋ ತಾಳ್ಮೆ ಕೊಡಪ್ಪ."

ಒಲೆಯೊಳಗಿನ ಕಲ್ಲಿದ್ದಲು ಬಿರಿಯುವುದು ಕೇಳಿಸುತ್ತಿತ್ತು. ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ, ದೇವರು ಪಕ್ಕದ ಕುರ್ಚಿಯಲ್ಲಿ ಬಂದು ಕೂತನೆಂದು ಅನಿಸಿದ್ದು ಅಂದು ಒಂದೇ ಸಲ.

ಆ ಶನಿವಾರ ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಅದನ್ನೇ ಮತ್ತೆ ಹೇಳಿಕೊಂಡರು. ಎಮ್ರಿಸ್ ಮೆಟ್ಟಿಲ ಮೇಲೆ ಕೂತಿದ್ದರು.

ಭಾನುವಾರ ಪೀಠದಿಂದ ಆ ನನ್ನ ಮುದ್ದಿನ ದನಿ ಇಳಿದು ಬಂತು: "ಪ್ರಿಯರೇ, ಒಲೆಯೊಳಗಿನ ರೊಟ್ಟಿಯನ್ನು ನಾವು ಪದೇ ಪದೇ ತೆಗೆದು ನೋಡುತ್ತೇವೆ..." ಹಿರಿಯರ ಆಸನದಲ್ಲಿ ರೋಲಂಟ್ ಪಾರಿ ಕರವಸ್ತ್ರ ತೆಗೆದ. ಅಕ್ಕ, ನನ್ನ ಗಂಡ ಜನ್ಮದಲ್ಲಿ ಒಂದು ರೊಟ್ಟಿ ಬೇಯಿಸಿದವರಲ್ಲ! ನೆಸ್ಟಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, "ಮಂಗಳವಾರದ ಬಿಸಿ, ಭಾನುವಾರದ ತಂಗಳು. ಗಂಡಸರಿಗೆ ತಂಗಳೇ ರುಚಿ ಕಣಮ್ಮ." ಆ ನಗುವಿನ ಅರ್ಥ ಆಗ ತಿಳಿಯಿತು.

ಅತ್ತೆಯನ್ನು ಕೇಳಿದೆ, "ನಿಮಗೆ ಬೇಜಾರಾಗಲ್ವಾ?"

ಆಲೂಗಡ್ಡೆ ಸುಲಿಯುತ್ತಲೇ ಹೇಳಿದರು, "ಹೆಂಗಸು ಹೇಳಿದ್ರೆ ಗೊಣಗಾಟ, ಗಂಡಸು ಹೇಳಿದ್ರೆ ಪ್ರಸಂಗ. ನನ್ನ ಮಾತು ಆ ಪೀಠದ ಮೆಟ್ಟಿಲು ಹತ್ಬೇಕಾದ್ರೆ ಅವನ ಕೋಟು ಹಾಕ್ಕೊಂಡೇ ಹತ್ಬೇಕು ಹುಡುಗಿ. ಹತ್ತಿತಲ್ಲ, ಸಾಕು."

ಎಮ್ರಿಸ್‌ರನ್ನೂ ಕೇಳಿದೆ. ನಕ್ಕುಬಿಟ್ಟರು. "ಅಮ್ಮನ ಹಾಲು ಕುಡಿದಿದ್ದಕ್ಕೆ ರಸೀದಿ ಕೊಡ್ಬೇಕಾ ಗ್ಲೆನ್?" ಎಂದು ಹಣೆಗೆ ಮುತ್ತಿಟ್ಟರು. ಆ ಮುತ್ತಿನ ಮುಂದೆ ನನ್ನ ವಾದ ಎಲ್ಲಿ ನಿಲ್ಲುತ್ತದೆ, ನೀನೇ ಹೇಳು! ಲಿವರ್‌ಪೂಲಿನ ಕಿಟಕಿಗಳಿಗೆ ಯಾವ ಬಣ್ಣದ ಪರದೆ ಹಾಕಲಿ ಎಂದು ಮಾತು ತಿರುಗಿತು. ಹಳದಿ ಎಂದೆ.

ನಿನ್ನ
ಗ್ಲೆನಿಸ್


ಬ್ರಿನ್‌ಗ್ಲಾಸ್
20 ಫೆಬ್ರವರಿ 1955

ಅಕ್ಕ,

ನಿನ್ನ ಮೂರೂ ಕಾಗದಗಳು ತಲುಪಿವೆ. ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸು. ಡೆಲಿತ್ ನಡೆಯಲು ಕಲಿತಳೆಂದು ಓದಿ ಈ ಮನೆಯಲ್ಲಿ ಬಹಳ ದಿನಗಳ ಮೇಲೆ ಒಮ್ಮೆ ನಗು ಬಂತು. ಲೈಸಾ ಅತ್ತೆ ಹೋದ ಸೋಮವಾರ ತೀರಿಕೊಂಡರು. ಮೊನ್ನೆ ಮಣ್ಣಾಯಿತು.

ಹಿಮ ಬಿದ್ದ ವಾರದಲ್ಲಿ ನೆಗಡಿಯೆಂದರು, ಎದೆಗಿಳಿಯಿತು. ಹಾಸಿಗೆ ಹಿಡಿದ ಮೇಲೂ ಅವರ ಚಿಂತೆ ಅಡುಗೆಮನೆಯ ಬೆಂಕಿಯದೇ. ಈ ಊರಲ್ಲಿ ಒಲೆ ಆರಗೊಡುವುದಿಲ್ಲ. ಮಲಗುವ ಮುಂಚೆ ಒದ್ದೆ ಇದ್ದಲುಪುಡಿ, ಬೂದಿ ಮುಚ್ಚಿ ಕೆಂಡ ಕಾಯುತ್ತಾರೆ. "ಜಾಸ್ತಿ ಹಾಕ್ಬೇಡ, ಉಸಿರು ಕಟ್ಟುತ್ತೆ. ಕಮ್ಮಿ ಹಾಕಿದ್ರೆ ಉರಿದು ಮುಗಿದೋಗುತ್ತೆ," ಎಂದು ಮಲಗಿದಲ್ಲಿಂದಲೇ ಕಲಿಸಿದರು. ನಾನು ಕಾರ್ಡಿಫ್‌ನ ಗ್ಯಾಸ್ ಒಲೆಯವಳು, ಮುಚ್ಚಿದಾಗಲೆಲ್ಲ ಆರಿಸಿಬಿಟ್ಟೆ. ಬೈಯಲಿಲ್ಲ. "ನಿನ್ ಕೈ ಇನ್ನೂ ಮದುಮಗಳ ಕೈ," ಎಂದರು.

ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಒಂದು ಪ್ರಾರ್ಥನೆ ಹೇಳಿದರು. ಮಾವನ ಹೆಣವನ್ನು ಗಣಿಯಿಂದ ಬಾಗಿಲ ಹಲಗೆಯ ಮೇಲೆ ಹೊತ್ತು ತಂದ ರಾತ್ರಿ, ಮೈ ತೊಳೆಯಲು ಬಿಸಿನೀರು ಬೇಕೆಂದು ಬೆಂಕಿ ಕಾಯುತ್ತಾ ಕೂತಾಗ ಹುಟ್ಟಿದ್ದಂತೆ.

"ಕರ್ತನೇ, ನನ್ನನ್ನ ಬೂದಿ ಮುಚ್ಚಿದ ಕೆಂಡ ಮಾಡು. ಉರಿಯೋಕೆ ನಂಗೆ ಶಕ್ತಿ ಇಲ್ಲ. ಆರೋಕೆ ನೀನು ಬಿಡ್ಬೇಡ. ಬೆಳಗಾದ್ಮೇಲೆ ನೀನೇ ಬಂದು ಕೆದಕು."

ಆಮೇಲೆ ಎಂದರು, "ಮಿಕ್ಕಿದ್ದೆಲ್ಲಾ ಎಮ್ರಿಸ್‌ಗೇ ಇರ್ಲಿ ಗ್ಲೆನ್. ಇದೊಂದನ್ನ ನನ್ ಗೋರಿ ಹತ್ರ ಹೇಳ್ಲಿ, ಹೇಳ್ದಾಗ 'ಇದು ನಮ್ಮಮ್ಮಂದು' ಅನ್ಲಿ. ಅಷ್ಟೇ. ನಂಗೋಸ್ಕರ ಅಲ್ಲ. ಆ ಹಿಂದಿನ ಕೋಣೇಲೂ ದೇವರು ಬರ್ತಾನೆ ಅಂತ ಆ ಗಂಡಸರಿಗೆ ಒಂದ್ಸಲ ಗೊತ್ತಾಗ್ಲಿ."

ಎಮ್ರಿಸ್‌ರನ್ನು ಕರೆತಂದೆ. ಮಂಚದ ಪಕ್ಕ ಮಂಡಿಯೂರಿ, ಅಳುತ್ತಾ, "ಹೇಳ್ತೀನಮ್ಮ, ಖಂಡಿತ ಹೇಳ್ತೀನಿ," ಎಂದರು. ಆ ಅಳು ಸುಳ್ಳಲ್ಲ ಅಕ್ಕ. ಈಗಲೂ ಹೇಳುತ್ತೇನೆ, ಸುಳ್ಳಲ್ಲ.

ಇಲ್ಲಿಯ ಪದ್ಧತಿ ನಿನಗೆ ಗೊತ್ತಿಲ್ಲ. ಗೋರಿಯ ತನಕ ಗಂಡಸರು ಮಾತ್ರ ಹೋಗುತ್ತಾರೆ. ಸತ್ತವಳು ಹೆಂಗಸಾದರೂ ಸರಿ. ನಾವು ಪರದೆ ಎಳೆದ ಮನೆಯಲ್ಲಿ ಕೂತು, ವಾಪಸು ಬರುವವರಿಗಾಗಿ ಹಂದಿಮಾಂಸ ಹೆಚ್ಚಬೇಕು, ದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಬೇಕು. ನಲವತ್ತು ವರ್ಷ ಅವರ ಪಕ್ಕದಲ್ಲಿ ಪ್ರಾರ್ಥಿಸಿದವರು, ಅವರಿಗೆ ಕೊನೆಯ ಬಟ್ಟೆ ತೊಡಿಸಿದವರು, ಎಲ್ಲರೂ ಅಡುಗೆಮನೆಯಲ್ಲಿ. ಶವಪೆಟ್ಟಿಗೆ ಹೊರಟಾಗ ಮುಂದಿನ ಸಾಲಿನಲ್ಲಿ ಲಿವರ್‌ಪೂಲಿನ ಇಬ್ಬರು ಹಿರಿಯರು ಕಂಡರು, ಉದ್ದ ಕರಿಕೋಟು, ಹೊಳೆಯುವ ಬೂಟು.

ಗುಡ್ಡದ ಮೇಲಿಂದ ಗಂಡಸರ ಹಾಡು ಗಾಳಿಯಲ್ಲಿ ಬಂದು ನಿಂತುಹೋಯಿತು. ನೆಸ್ಟಾ ಚಾಕು ಕೆಳಗಿಟ್ಟಳು. "ಈಗ ಇಳಿಸ್ತಾ ಇದಾರೆ," ಎಂದಳು.

ಯಾರು ಶುರು ಮಾಡಿದರೋ ತಿಳಿಯದು. ಕೈಯೆಲ್ಲ ಬೆಣ್ಣೆ ಮಾಡಿಕೊಂಡು ನಿಂತಿದ್ದ ಆ ಹೆಂಗಸರು ಕೆಂಡದ ಪ್ರಾರ್ಥನೆ ಹೇಳತೊಡಗಿದರು. ಎಲ್ಲರಿಗೂ ಬಾಯಿಪಾಠ! ಒಬ್ಬಳು ತನ್ನ ಮಗು ತೀರಿಕೊಂಡಾಗ ಹೇಳಿಕೊಂಡಿದ್ದಳಂತೆ, ಇನ್ನೊಬ್ಬಳು ಗಂಡ ಕುಡಿದು ಬಂದಾಗಲೆಲ್ಲ. ನಾನೂ ಹೇಳಿದೆ. ನನ್ನ ವೆಲ್ಷ್ ಎಲ್ಲೂ ಎಡವಲಿಲ್ಲ.

ಗಂಡಸರು ಬೂಟಿನ ಹಿಮ ಕೊಡವುತ್ತಾ ಒಳಗೆ ಬಂದರು. ರೋಲಂಟ್ ಪಾರಿಯ ಕಣ್ಣು ಕೆಂಪಾಗಿತ್ತು.

"ಅಮ್ಮಾವ್ರೇ, ಎಂಥಾ ಪ್ರಾರ್ಥನೆ ಮಾಡಿದ್ರು ಅಯ್ನೋರು! ಬೂದಿ ಮುಚ್ಚಿದ ಕೆಂಡ ಅಂತೆ! ಎಲ್ಲಿಂದ ಬರುತ್ತೋ ಈ ವಯಸ್ಸಿಗೇ ಇಂಥ ಮಾತು!"

"ಯಾರ ಮಾತು ಅಂತ ಹೇಳಿದ್ರಾ?" ನನ್ನ ದನಿ ನನಗೇ ಅಪರಿಚಿತವಾಗಿತ್ತು.

"ಯಾರ ಮಾತು ಅಂದ್ರೆ? ಅಯ್ನೋರದ್ದೇ. ದೇವರು ಬಾಯಿಗೆ ಕೊಟ್ಟಿದ್ದು."

ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ನೆಸ್ಟಾ ಟೀಪಾಟು ಎತ್ತಿದಳು. "ಹಾಲು ಎಷ್ಟು ಹಾಕ್ಲಿ ಮಿಸ್ಟರ್ ಪಾರಿ?" ಎಂದಳು.

ಲಿವರ್‌ಪೂಲಿನವರು ನನ್ನ ಕೈ ಕುಲುಕಿ, "ಬೇಸಿಗೆ ಹೊತ್ತಿಗೆ ನೀವು ನಮ್ಮವರು ಅಮ್ಮ," ಎಂದರು. ಎಮ್ರಿಸ್ ಕಿಟಕಿಯ ಬಳಿ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. ಎಲ್ಲರೂ ಹೋದ ಮೇಲೆ, "ಬಾಯಿ ತನಕ ಬಂದಿತ್ತು ಗ್ಲೆನ್," ಎಂದರು. "ಲಿವರ್‌ಪೂಲಿನವರು ಎದುರಿಗೇ ನಿಂತಿದ್ರು. ಅಮ್ಮಂದು ಅಂದಿದ್ರೆ, ಮಿಕ್ಕಿದ್ದು ಯಾರದು ಅಂತ ಕೇಳ್ತಿರಲಿಲ್ವಾ?"

ನಾನು ಹಣೆ ಒಡ್ಡಲಿಲ್ಲ. ಅವರೂ ಮುತ್ತಿಡಲಿಲ್ಲ.

ಮಂಗಳವಾರ ಅತ್ತೆಯ ಕುರ್ಚಿಯಲ್ಲಿ ಕೂರಬೇಕೆಂದು ನೆಸ್ಟಾ ಹೇಳಿಕಳಿಸಿದ್ದಾಳೆ. ಹೋಗುತ್ತೇನೆ. ಡೆಲಿತ್ ಬೀಳದೆ ನಡೆಯಲಿ, ದೇವರು ಅವಳ ನಾಲಿಗೆಗೆ ಅವಳದೇ ಮಾತು ಕೊಡಲಿ, ಅದನ್ನು ಯಾರ ಕೋಟನ್ನೂ ತೊಡದೆ ಆಡುವ ಧೈರ್ಯವನ್ನೂ ಕೊಡಲಿ. ಅಪ್ಪನಿಗೆ ಇದೆಲ್ಲ ಓದಿ ಹೇಳಬೇಡ.

ನಿನ್ನ
ಗ್ಲೆನಿಸ್

ತಾ.ಕ.: ಕಡಲಕಟ್ಟೆಯ ಮೇಲೆ ಎಮ್ರಿಸ್ ಆಡಿದ ಆ ಮಾತು ನಿನಗೆ ನೆನಪಿದೆಯಲ್ಲ. ನಾನು ಹೇಳಿದಾಗಲೆಲ್ಲ ನೀನು ದಿಂಬು ಎಸೆಯುತ್ತಿದ್ದೆ. "ಉರಿಯುವ ಶಕ್ತಿ ನನಗಿರಲಿಲ್ಲ ಗ್ಲೆನಿಸ್, ಆರಲು ಮನಸ್ಸಿರಲಿಲ್ಲ. ಬೂದಿ ಮುಚ್ಚಿದ ಕೆಂಡವಾಗಿದ್ದೆ. ನೀನು ಬಂದು ಕೆದಕಿದೆ." ಗಂಡನ ಹೆಣದ ಪಕ್ಕ ಕೂತು ಒಬ್ಬ ಹೆಂಗಸು ದೇವರಿಗೆ ಹೇಳಿದ್ದನ್ನು ಇವರು ನನಗೆ ಸಮುದ್ರದ ಗಾಳಿಯಲ್ಲಿ ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ನಾನು ಅದನ್ನು ಹೊತ್ತುಕೊಂಡು ಹೋಗಿ ಅತ್ತೆಯ ಅಡುಗೆಮನೆಯಲ್ಲೇ, ಅವರ ಮುಂದೆಯೇ ಕುಣಿದೆ. ಖಾಲಿ ಬಕೆಟ್ ಹಿಡಿದು ಅಂಗಳಕ್ಕೆ ಹೋದವರು ಅಲ್ಲಿ ಎಷ್ಟು ಹೊತ್ತು ನಿಂತಿದ್ದರೋ.

ನಿನ್ನೆ ಶನಿವಾರ. ಬೆಳಿಗ್ಗೆ ಒಲೆಯ ಬೂದಿ ಸರಿಸಿದೆ. ಕೆಂಡ ಉಳಿದಿತ್ತು ಅಕ್ಕ, ಮೊದಲ ಸಲ ನನ್ನ ಕೈಯಲ್ಲಿ ಉಳಿದಿತ್ತು. ಅದನ್ನು ನೋಡಿ ಎದೆಯಿಂದ ಏನೋ ಎದ್ದು ಬಾಯಿಗೆ ಬಂತು, ನನ್ನದೇ ಒಂದು ಮಾತು, ದೇವರಿಗೆ. ಆಗ ಹಿಂದೆ ಮೆಟ್ಟಿಲು ಕಿರ್ ಎಂದಿತು. ಚಹಾ ಲೋಟ ಕೆಳಗಿಟ್ಟ ಸದ್ದಾಯಿತು. ಎಮ್ರಿಸ್ ಬಂದು ಕೂತಿದ್ದರು, ಕಾಯುತ್ತಾ.

ನಾನು ತುಟಿ ಬಿಚ್ಚಲಿಲ್ಲ.